ಝಡ್4ಗೆ 17, 18, 19 ಇಂಚು: ಹ್ಯಾಂಡ್ಲಿಂಗ್‌ಗೆ ಯಾವ ವೀಲ್ ಸರಿ? ದಾವಣಗೆರೆ–ದುರ್ಗ ರಸ್ತೆಯಲ್ಲಿ ಓಡಿಸುವವರು ಹೇಳಿ

ಬೆಣ್ಣೆನಗರಿ_ರೋಡ್‌ಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ ಝಡ್4 ತಂದಿದ್ದೇನೆ. ಇ89 ಮಾದರಿ, 35ಐ. ಆರು ಸಿಲಿಂಡರ್, 306 ಎಚ್‌ಪಿ, ಪವರ್ ಹೋಗುವುದು ಹಿಂದಿನ ಚಕ್ರಗಳಿಗೆ. ತುಂಬಾ ವರ್ಷ ಆಸೆಪಟ್ಟು ತಗೊಂಡ ಕಾರು, ಹಾಗಾಗಿ ಅರ್ಧಂಬರ್ಧ ಕೆಲಸ ಮಾಡಿಸಲು ಮನಸ್ಸಿಲ್ಲ.

ಈಗ ಇರುವುದು 18 ಇಂಚಿನ ವೀಲ್. ಮುಂದೆ 225/40 ಆರ್18, ಹಿಂದೆ 255/35 ಆರ್18, ನಾಲ್ಕೂ ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್). ಟ್ರೆಡ್ ಇನ್ನೂ ಇದೆ, ಆದರೆ ರಬ್ಬರ್ ಗಟ್ಟಿಯಾಗಿ ಸೈಡ್‌ವಾಲ್‌ನಲ್ಲಿ (ಟೈರಿನ ಪಕ್ಕದ ಗೋಡೆಯಲ್ಲಿ) ಸಣ್ಣ ಸಣ್ಣ ಬಿರುಕು ಬಿಟ್ಟಿದೆ. ಹಿಂದಿನ ಎಡಗಡೆ ರಿಮ್ ಸ್ವಲ್ಪ ಬೆಂಡ್ ಆಗಿದೆ. ಹೇಗೂ ಎಲ್ಲಾ ಬದಲಾಯಿಸಬೇಕು.

ಇಲ್ಲಿನ ಒಂದು ಟೈರ್ ಅಂಗಡಿಯಲ್ಲಿ ಕೇಳಿದೆ. 19 ಹಾಕಿಸಿ, ನೋಡಲೂ ಚಂದ, ಗ್ರಿಪ್ಪೂ ಜಾಸ್ತಿ ಅಂದರು. ಮುಂದೆ 225/35 ಆರ್19, ಹಿಂದೆ 255/30 ಆರ್19. ನನ್ನ ಸ್ನೇಹಿತನೊಬ್ಬ ಪೂರ್ತಿ ಉಲ್ಟಾ ಹೇಳುತ್ತಾನೆ. ಸುಮ್ನೆ ನಾಲ್ಕೂ ಕಡೆ 225/45 ಆರ್17 ಹಾಕು, ನಮ್ಮ ರಸ್ತೆಗೆ ಅದೇ ಸರಿ ಅಂತಾನೆ. ಇಬ್ಬರೂ ಕಾರಣ ಮಾತ್ರ ಹೇಳಲಿಲ್ಲ.

ನಾನು ಓಡಿಸುವುದು ಜಾಸ್ತಿ ಬೆಳಗಿನ ಹೊತ್ತು. ಹೆದ್ದಾರಿ 48ರಲ್ಲಿ ಭರಮಸಾಗರ ದಾಟಿ ದುರ್ಗ, ಅಲ್ಲಿಂದ ಹೊಳಲ್ಕೆರೆ ರೋಡಿನ ತಿರುವುಗಳು, ವಾಪಸ್. ಲಾರಿಗಳು ಓಡಿ ಓಡಿ ಗಾಲಿಯ ಜಾಡು ತಗ್ಗು ಬಿದ್ದಿರುವ ಕಡೆ ಸ್ಟೀರಿಂಗ್ ತಾನಾಗೇ ಎಳೆಯುತ್ತದೆ, ಅದು ಟೈರಿನ ಅಳತೆಯಿಂದಲೋ ಬೇರೆ ತೊಂದರೆಯೋ ಗೊತ್ತಾಗುತ್ತಿಲ್ಲ. ಚೆನ್ನಾಗಿ ಕಾಣಬೇಕು ಅನ್ನುವ ಆಸೆ ಇದ್ದೇ ಇದೆ, ಆದರೆ ಮೊದಲು ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳಬೇಕು. ತಿಳಿದವರು ಬಿಡಿಸಿ ಹೇಳಿ.

ಕೋಟೆಬೀದಿ

ಒಳ್ಳೆಯ ಕಾರು ಗುರು. ಉದ್ದ ಬರೆಯುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಲೆಕ್ಕ. 225/40 ಆರ್18 ಅಂದರೆ ಟೈರಿನ ಅಗಲ 225 ಮಿ.ಮೀ., ಸೈಡ್‌ವಾಲ್ ಅದರ ಶೇ. 40, ಅಂದರೆ 90 ಮಿ.ಮೀ., ಒಳಗಿನ ರಿಮ್ 18 ಇಂಚು. ಎರಡು ಕಡೆಯ ಸೈಡ್‌ವಾಲ್ ಮತ್ತು ರಿಮ್ ಕೂಡಿಸಿದರೆ ಪೂರ್ತಿ ಎತ್ತರ 637 ಮಿ.ಮೀ. ಬರುತ್ತದೆ. ನಿಮ್ಮ ಹಿಂದಿನ ಟೈರ್ 636. ಅಂಗಡಿಯವರು ಹೇಳಿದ 19ರ ಜೋಡಿ ಮುಂದೆ 640, ಹಿಂದೆ 636. ನಿಮ್ಮ ಸ್ನೇಹಿತ ಹೇಳಿದ 17 ಹಾಕಿದರೆ 634. ಎಲ್ಲವೂ ಹೆಚ್ಚು ಕಡಿಮೆ ಒಂದೇ ಎತ್ತರ ಅಲ್ವಾ? ಹಾಗಾಗಿ ಸ್ಪೀಡೋಮೀಟರ್ ಕೆಡುವುದಿಲ್ಲ, ಗೇರಿಂಗ್ ಬದಲಾಗುವುದಿಲ್ಲ, ಎಬಿಎಸ್‌ಗೂ ಗೊಂದಲ ಇಲ್ಲ. ಬದಲಾಗುವುದು ರಬ್ಬರ್ ಎಷ್ಟು, ಲೋಹ ಎಷ್ಟು ಅನ್ನುವುದು. ಮುಂದಿನ ಸೈಡ್‌ವಾಲ್ 17ರಲ್ಲಿ 101 ಮಿ.ಮೀ., 18ರಲ್ಲಿ 90, 19ರಲ್ಲಿ 79. ಹಿಂದೆ 255/30ಕ್ಕೆ ಬರೀ 76.

ಈಗ ಗ್ರಿಪ್ ವಿಷಯ. ಅಂಗಡಿಯವರು 19ಕ್ಕೆ ಗ್ರಿಪ್ ಜಾಸ್ತಿ ಅಂದದ್ದು ಸರಿಯಲ್ಲ. ಅಗಲ ಅದೇ 225, 255 ಇದೆ. ರಿಮ್ ದೊಡ್ಡದಾದ ಮಾತ್ರಕ್ಕೆ ನೆಲಕ್ಕೆ ತಾಗುವ ರಬ್ಬರ್ ಜಾಸ್ತಿ ಆಗುವುದಿಲ್ಲ. ಒಂದು ಚಕ್ರದ ಮೇಲೆ ಸುಮಾರು 400 ಕೆಜಿ ಭಾರ, ಒಳಗೆ 32 ಪಿಎಸ್‌ಐ ಗಾಳಿ ಅಂತ ಇಟ್ಟುಕೊಳ್ಳಿ. ಭಾರವನ್ನು ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಸುಮಾರು 180 ಚದರ ಸೆಂ.ಮೀ. ಬೆರಳು ಸೇರಿಸಿ ಒಂದು ಅಂಗೈ ಅಷ್ಟು. ಸೈಡ್‌ವಾಲ್ ಗಟ್ಟಿ ಇದ್ದರೆ, ಅದರಲ್ಲೂ ರನ್‌ಫ್ಲಾಟ್ ಆದರೆ, ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ದಾರಿ ಇದೇ. ಟೈರ್ ಅಗಲ ಮಾಡಿದರೂ ಆ ಜಾಗ ಬಹಳ ಬೆಳೆಯುವುದಿಲ್ಲ, ಅದರ ಆಕಾರ ಬದಲಾಗುತ್ತದೆ. ಉದ್ದ ಕಮ್ಮಿಯಾಗಿ ಅಡ್ಡ ಜಾಸ್ತಿಯಾಗುತ್ತದೆ. ತಿರುವಿನಲ್ಲಿ ಅದು ಒಳ್ಳೆಯದೇ. ಸ್ಟೀರಿಂಗ್ ತಿರುಗಿಸಿದಾಗ ಟೈರ್ ಕಮ್ಮಿ ತಿರುಚಿಕೊಂಡು ಬೇಗ ಹಿಡಿತಕ್ಕೆ ಬರುತ್ತದೆ. ಮಳೆಯಲ್ಲಿ ಮಾತ್ರ ಅದೇ ಅಗಲ ನೀರಿನ ಮೇಲೆ ಬೇಗ ತೇಲುತ್ತದೆ.

ಹಾಗಾದರೆ 19ರಿಂದ ಸಿಗುವುದು ಏನು? ಗಿಡ್ಡ ಸೈಡ್‌ವಾಲ್ ಕಮ್ಮಿ ಬಾಗುತ್ತದೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂಗು ತಿರುಗುತ್ತದೆ. ಆ ಚುರುಕು ನಿಜವೇ, ಇಲ್ಲ ಅನ್ನುವುದಿಲ್ಲ. ಆದರೆ ಬೇಗ ಸ್ಪಂದಿಸುವುದು ಬೇರೆ, ಗಟ್ಟಿಯಾಗಿ ಹಿಡಿದುಕೊಳ್ಳುವುದು ಬೇರೆ. ಎತ್ತರದ ಸೈಡ್‌ವಾಲ್ ಜಾರುವ ಮೊದಲು ಸ್ವಲ್ಪ ಬಾಗಿ, ಸದ್ದು ಮಾಡಿ ಸೂಚನೆ ಕೊಡುತ್ತದೆ. ಗಿಡ್ಡ ಸೈಡ್‌ವಾಲ್ ಕೊನೆಯವರೆಗೂ ಹಿಡಿದಿಟ್ಟು ಥಟ್ಟನೆ ಬಿಡುತ್ತದೆ. 306 ಎಚ್‌ಪಿ ಹಿಂದಿನ ಚಕ್ರಕ್ಕೆ ಹೋಗುವ ಕಾರಿನಲ್ಲಿ ನನಗೆ ಆ ಸೂಚನೆ ಬೇಕು.

ಇನ್ನೊಂದು ಭಾರದ ವಿಷಯ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ದೊಡ್ಡ ರಿಮ್ ಎರಕದ್ದಾದರೆ ಒಂದೊಂದಕ್ಕೂ ಎರಡು ಮೂರು ಕೆಜಿ ಜಾಸ್ತಿ ಆಗುವುದು ಸಾಮಾನ್ಯ. ಅದೂ ಆ ಭಾರ ಹೊರಗಿನ ಅಂಚಿನಲ್ಲಿ ಕೂರುತ್ತದೆ. ಅಂಚಿನಲ್ಲಿರುವ ಒಂದು ಕೆಜಿಯನ್ನು ಕಾರಿನ ಜೊತೆ ಮುಂದಕ್ಕೂ ತಳ್ಳಬೇಕು, ಗುಂಡಗೆ ಸುತ್ತಿಸಲೂ ಬೇಕು. ಹಾಗಾಗಿ ವೇಗ ಹೆಚ್ಚಿಸುವಾಗ, ಬ್ರೇಕ್ ಹಾಕುವಾಗ ಅದು ಹತ್ತಿರ ಹತ್ತಿರ ಎರಡು ಕೆಜಿಯಷ್ಟು ಲೆಕ್ಕಕ್ಕೆ ಬರುತ್ತದೆ. ಸಾಲದ್ದಕ್ಕೆ ಈ ಭಾರ ಸ್ಪ್ರಿಂಗಿನ ಕೆಳಗಿನದು. ಉಬ್ಬು ಸಿಕ್ಕಾಗ ಚಕ್ರ ಮೇಲೆ ಹಾರಿ ಮತ್ತೆ ಕೆಳಗೆ ಬಂದು ನೆಲ ಹಿಡಿಯಬೇಕು. ಚಕ್ರ ಭಾರ ಇದ್ದಷ್ಟೂ ಶಾಕ್ ಅಬ್ಸಾರ್ಬರ್‌ಗೆ ಅದನ್ನು ಹದ್ದುಬಸ್ತಿನಲ್ಲಿಡುವುದು ಕಷ್ಟ. ಹೊಳಲ್ಕೆರೆ ರೋಡಿನಲ್ಲಿ ತೇಪೆ ಹಾಕಿರುವ ತಿರುವಿನಲ್ಲಿ ಚಕ್ರ ಕ್ಷಣ ಹೊತ್ತು ಗಾಳಿಯಲ್ಲಿದ್ದರೆ ಆ ಕ್ಷಣ ಗ್ರಿಪ್ ಸೊನ್ನೆ. ಎಷ್ಟೇ ದುಬಾರಿ ಟೈರ್ ಆಗಿರಲಿ.

ದೊಡ್ಡ ರಿಮ್ ಅಂದರೆ ವೇಗ ಅನ್ನುವ ನಂಬಿಕೆ ಹೊಸದು. 1998ರಲ್ಲಿ ಗಂಟೆಗೆ 386 ಕಿ.ಮೀ. ಓಡಿದ ಮೆಕ್‌ಲಾರೆನ್ ಎಫ್1ಗೆ ಇದ್ದದ್ದು 17 ಇಂಚಿನ ವೀಲ್. 1989ರ ಮೊದಲ ಮಾಝ್ದಾ ಎಂಎಕ್ಸ್-5 ಬಂದಿದ್ದು 185/60 ಆರ್14ರಲ್ಲಿ, ಅದರ ಹ್ಯಾಂಡ್ಲಿಂಗ್ ಅನ್ನು ಇವತ್ತಿಗೂ ಹೊಗಳುತ್ತಾರೆ. 2012ರಲ್ಲಿ ಟೊಯೋಟಾ ತನ್ನ 86 ಕಾರಿಗೆ ಬೇಕೆಂದೇ ಕಿರಿದಾದ 215/45 ಆರ್17 ಕೊಟ್ಟಿತು, ಅವರದೇ ಹೈಬ್ರಿಡ್ ಕಾರು ಪ್ರಿಯಸ್‌ಗೂ ಬರುತ್ತಿದ್ದ ಮಾದರಿಯ ಟೈರ್. ಕಮ್ಮಿ ವೇಗದಲ್ಲೇ ಕಾರು ಚಾಲಕನ ಜೊತೆ ಆಡಬೇಕು ಅನ್ನುವುದು ಅವರ ಉದ್ದೇಶ. ರಿಮ್ ದೊಡ್ಡದಾಗಲು ನಿಜವಾದ ತಾಂತ್ರಿಕ ಕಾರಣ ಅಂದರೆ ಒಳಗೆ ದೊಡ್ಡ ಬ್ರೇಕ್ ಡಿಸ್ಕ್ ಕೂರಿಸಲು ಜಾಗ. ಉಳಿದದ್ದು ಹೆಚ್ಚಾಗಿ ಅಂದ.

ನನ್ನ ಅಭಿಪ್ರಾಯ: 19 ಬೇಡ. 17 ಅಥವಾ 18, ಹಗುರ ರಿಮ್, ಉಳಿದ ದುಡ್ಡು ಪೂರ್ತಿ ಟೈರಿನ ಗುಣಮಟ್ಟಕ್ಕೆ. ಸಾಧಾರಣ ರಬ್ಬರಿನ 19ಕ್ಕಿಂತ ಒಳ್ಳೆಯ ರಬ್ಬರಿನ 17 ಚೆನ್ನಾಗಿ ಹಿಡಿಯುತ್ತದೆ, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ನೀಲಿ_ಪೋಲೊ

ಕೋಟೆಬೀದಿ ಅಣ್ಣ ಹೇಳಿದ್ದು ಸರಿ. ನನ್ನದು ಸಣ್ಣ ಮಾತು. 17 ತಗೊಳ್ಳುವ ಮೊದಲು ಬ್ರೇಕ್ ಕ್ಯಾಲಿಪರ್‌ಗೆ (ಡಿಸ್ಕನ್ನು ಹಿಡಿದು ಒತ್ತುವ ಭಾಗ) ತಾಗುತ್ತದೋ ಇಲ್ಲವೋ ನೋಡಿ. 35ಐಗೆ ಮುಂದಿನ ಡಿಸ್ಕ್ ದೊಡ್ಡದು. ಇಂಚು ಒಂದೇ ಆದರೂ ರಿಮ್‌ನಿಂದ ರಿಮ್‌ಗೆ ಒಳಗಿನ ಆಕಾರ ಬೇರೆ ಇರುತ್ತದೆ. ದುಡ್ಡು ಕೊಡುವ ಮುಂಚೆ ಒಂದು ರಿಮ್ ಟೈರ್ ಇಲ್ಲದೆ ಕಟ್ಟಿಸಿ ಕೈಯಲ್ಲಿ ತಿರುಗಿಸಿ ನೋಡಿ.

ಬೋಲ್ಟ್ ಅಳತೆ 5x120, ಅಂದರೆ 120 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟ್, ನಡುವಿನ ತೂತು 72.6 ಮಿ.ಮೀ. ತೂತು ದೊಡ್ಡದಿರುವ ರಿಮ್ ಆದರೆ ರಿಂಗ್ ಹಾಕಿಸಲೇಬೇಕು, ಇಲ್ಲದಿದ್ದರೆ ರಿಮ್ ನಡುವಿಗೆ ಸರಿಯಾಗಿ ಕೂರದೆ ಸ್ಟೀರಿಂಗ್ ನಡುಗುತ್ತದೆ. ಇಟಿ ಅಂತ ರಿಮ್ ಹಿಂದೆ ಬರೆದಿರುವ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತದೆ ಅನ್ನುವ ಅಳತೆ) ಕೂಡ ಕಂಪನಿಯ ಅಳತೆಗೆ ಹತ್ತಿರ ಇರಲಿ. ಚಕ್ರ ಹೊರಗೆ ಬಂದರೆ ನೋಡಲು ಗತ್ತು ಇರಬಹುದು, ಆದರೆ ಬೇರಿಂಗ್ ಮೇಲೆ ಒತ್ತಡ ಜಾಸ್ತಿ, ರಸ್ತೆಯ ಪ್ರತಿ ಗುದ್ದೂ ಸ್ಟೀರಿಂಗ್‌ಗೆ ಬರುತ್ತದೆ.

ಹೇರ್‌ಪಿನ್_ಹುಡುಗ

ನಾನು 18 ಪರ. 17ಕ್ಕೆ ಇಳಿಯುವುದನ್ನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ.

ನಾಲ್ಕೂ ಕಡೆ 225 ಹಾಕಿದರೆ ಹಿಂದಿನ ಅಗಲ 255ರಿಂದ 225ಕ್ಕೆ ಬರುತ್ತದೆ. ಕಂಪನಿಯವರು ಹಿಂದೆ ಅಗಲ ಟೈರ್ ಕೊಟ್ಟಿರುವುದು ಸುಮ್ನೆ ಅಲ್ಲ. ಇಷ್ಟು ಪವರ್ ಇರುವ ಕಾರಿನಲ್ಲಿ ತಿರುವಿನಿಂದ ಹೊರಗೆ ಬರುವಾಗ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರಬಾರದು ಅಂತ ಆ ಅಗಲ. ಮುಂದೆ ಕಿರಿದು, ಹಿಂದೆ ಅಗಲ ಇದ್ದರೆ ಮಿತಿ ಮೀರಿದಾಗ ಮೊದಲು ಮೂಗು ಜಾರುತ್ತದೆ. ಅದನ್ನು ಸಂಭಾಳಿಸುವುದು ಸುಲಭ, ಕಾಲು ತೆಗೆದರೆ ಸಾಕು. ನಾಲ್ಕೂ ಒಂದೇ ಅಗಲ ಮಾಡಿದರೆ ಕಾರು ತಿರುವಿಗೆ ಖುಷಿಯಿಂದ ತಿರುಗುತ್ತದೆ ನಿಜ, ಹಿಂದು ಮುಂದು ಟೈರ್ ಅದಲು ಬದಲು ಮಾಡಿ ಸಮನಾಗಿ ಸವೆಸಬಹುದು ಅನ್ನುವ ಲಾಭವೂ ಇದೆ. ಆದರೆ ಹಿಂಭಾಗ ಬೇಗ ಎದ್ದು ಬರುತ್ತದೆ. ಕಮ್ಮಿ ಪವರ್‌ನ ಝಡ್4ಗಳಿಗೆ ಕಂಪನಿಯೇ ನಾಲ್ಕೂ ಕಡೆ 225/45 ಆರ್17 ಕೊಟ್ಟಿತ್ತು, ಅಲ್ಲಿ ಅದು ಸರಿಹೋಗುತ್ತದೆ. 35ಐಗೆ ಮೊದಲ ಮಳೆಯ ದಿನ ನಮ್ಮ ಕಡೆಯ ರಸ್ತೆ ಹೇಗಿರುತ್ತದೆ ಅಂತ ನೆನಪಿಸಿಕೊಳ್ಳಿ. ಗದ್ದೆಯಿಂದ ಬಂದ ಟ್ರ್ಯಾಕ್ಟರ್‌ಗಳ ಕೆಸರು ಒಂದು ಕಡೆ. ಸುಗ್ಗಿಯಲ್ಲಿ ಮೆಕ್ಕೆಜೋಳ ರಸ್ತೆ ಮೇಲೆ ಒಣಹಾಕಿರುತ್ತಾರೆ, ಆ ಕಾಳಿನ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ. ಅಂಥ ಕಡೆ ಹಿಂಭಾಗ ಸ್ಥಿರವಾಗಿರುವ ಕಾರು ಬೇಕು.

ಇನ್ನು ಚೆನ್ನೈ ಹತ್ತಿರದ ಇರುಂಗಾಟುಕೊಟ್ಟೈ ಟ್ರ್ಯಾಕಿಗೋ, ಕೊಯಮತ್ತೂರಿನ ಕಾರಿ ಟ್ರ್ಯಾಕಿಗೋ ಯಾವತ್ತಾದರೂ ಹೋಗುವ ಮನಸ್ಸಿದ್ದರೆ 18ರ ಸ್ಟೀರಿಂಗ್ ಚುರುಕು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಎತ್ತರದ ಸೈಡ್‌ವಾಲ್ ಟ್ರ್ಯಾಕಿನಲ್ಲಿ ಜೋರಾಗಿ ತಿರುಗಿಸಿದಾಗ ಮಡಚಿಕೊಂಡ ಹಾಗೆ ಅನ್ನಿಸಿ, ಕಾರು ಎಲ್ಲಿದೆ ಅಂತ ಕೈಗೆ ಗೊತ್ತಾಗುವುದು ತಡ. 19 ಬೇಡ ಅನ್ನುವುದರಲ್ಲಿ ಕೋಟೆಬೀದಿ ಅವರ ಜೊತೆ ನಾನೂ ಇದ್ದೇನೆ.

ಬೆಣ್ಣೆನಗರಿ_ರೋಡ್‌ಸ್ಟರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ 19 ಮನಸ್ಸಿನಿಂದ ಹೋಯಿತು. ಎರಡು ಅನುಮಾನ ಉಳಿದಿವೆ. ಫಾರ್ಮುಲಾ ಒನ್ ಕಾರುಗಳೇ 13 ಇಂಚಿನಿಂದ 18ಕ್ಕೆ ಹೋದವು ಅಲ್ವಾ, ದೊಡ್ಡ ವೀಲ್ ಕೆಟ್ಟದ್ದಾದರೆ ಅವರು ಯಾಕೆ ಹೋದರು? ಇನ್ನೊಂದು, 18ರಲ್ಲೇ ಇದ್ದರೆ ಮತ್ತೆ ರನ್‌ಫ್ಲಾಟ್ ಹಾಕಲಾ, ಮಾಮೂಲಿ ಟೈರ್ ಹಾಕಲಾ? ಕಾರಿನಲ್ಲಿ ಸ್ಟೆಪ್ನಿ ಇಲ್ಲ. ದುರ್ಗದಿಂದ ಬರುವಾಗ ನಡುದಾರಿಯಲ್ಲಿ ಪಂಚರ್ ಆದರೆ ಏನು ಗತಿ ಅನ್ನುವುದು ಮನೆಯವರ ಪ್ರಶ್ನೆ.

ಕೋಟೆಬೀದಿ

ಫಾರ್ಮುಲಾ ಒನ್ 2022ರಲ್ಲಿ 18ಕ್ಕೆ ಹೋಗಿದ್ದು ನಿಜ. ಆದರೆ ಅಲ್ಲಿ ವೀಲ್ ಮಾತ್ರ ಬದಲಾಯಿಸಿ ಕೈತೊಳೆದುಕೊಳ್ಳಲಿಲ್ಲ. ಹಳೆಯ 13 ಇಂಚಿನಲ್ಲಿ ಆ ದಪ್ಪ ಸೈಡ್‌ವಾಲೇ ಸ್ಪ್ರಿಂಗಿನ ದೊಡ್ಡ ಪಾಲು ಕೆಲಸ ಮಾಡುತ್ತಿತ್ತು. 18 ಬಂದಾಗ ಕಾರನ್ನೇ ಹೊಸದಾಗಿ ಕಟ್ಟಿ ಸಸ್ಪೆನ್ಷನ್ ಅದಕ್ಕೆ ತಕ್ಕಂತೆ ಮಾಡಿಕೊಂಡರು. ಓಡುವುದು ನುಣ್ಣನೆಯ ಟ್ರ್ಯಾಕಿನಲ್ಲಿ. ನಿಮ್ಮ ಕಾರಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹಾಗೇ ಇರುತ್ತವೆ, ಅದರ ಮೇಲೆ 19 ಹೇರಿದರೆ ಲೆಕ್ಕ ತಪ್ಪುತ್ತದೆ.

ಹಿಂದಿನ ಅಗಲದ ಬಗ್ಗೆ ಹೇರ್‌ಪಿನ್_ಹುಡುಗ ಹೇಳಿದ್ದು ತೂಕದ ಮಾತು. 35ಐಗೆ ನಾಲ್ಕೂ ಕಡೆ 225 ಬೇಡ, ಆ ವಿಷಯ ಅವರಿಗೇ ಬಿಟ್ಟೆ. ಹಾಗಾಗಿ ನಿಮಗೆ ಈಗಿನ 18ರ ಅಳತೆಯೇ ಸರಿ.

ರನ್‌ಫ್ಲಾಟ್ ಬಗ್ಗೆ: ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿ.ಮೀ. ಒಳಗೆ ಸುಮಾರು 80 ಕಿ.ಮೀ. ಓಡುತ್ತದೆ. ದುರ್ಗದಿಂದ ದಾವಣಗೆರೆ 60 ಕಿ.ಮೀ. ಆಸುಪಾಸು, ಮನೆ ತಲುಪಬಹುದು. ಆ ಗುಣಕ್ಕಾಗಿ ಸೈಡ್‌ವಾಲ್ ದಪ್ಪ ಮಾಡಿರುತ್ತಾರೆ, ಹಾಗಾಗಿ ಟೈರ್ ಭಾರ, ಗುಂಡಿಯ ಹೊಡೆತ ನೇರ ರಿಮ್‌ಗೆ ಮತ್ತು ಬೆನ್ನಿಗೆ. ಮಾಮೂಲಿ ಟೈರ್ ಹಾಕಿದರೆ ಕಾರು ಉಬ್ಬು ತಗ್ಗಿನಲ್ಲಿ ನೆಲ ಬಿಡದೆ ಹೋಗುತ್ತದೆ. ಸ್ಟೀರಿಂಗ್ ಮೊದಲ ಒಂದೆರಡು ದಿನ ಸ್ವಲ್ಪ ಮೆದು ಅನ್ನಿಸಬಹುದು, ಆಮೇಲೆ ರೂಢಿಯಾಗುತ್ತದೆ. ನಾನಾದರೆ ಮಾಮೂಲಿ ಟೈರ್ ಹಾಕಿ, ಡಿಕ್ಕಿಯಲ್ಲಿ ಪಂಚರ್ ಕಿಟ್ ಮತ್ತು 12 ವೋಲ್ಟಿನ ಗಾಳಿ ಪಂಪ್ ಇಡುತ್ತೇನೆ. ಮೊಳೆ ಚುಚ್ಚಿದರೆ ಅಷ್ಟು ಸಾಕು. ಸೈಡ್‌ವಾಲ್ ಹರಿದರೆ ಮಾತ್ರ ಕಾರು ಎತ್ತಿಸಿಕೊಂಡೇ ಬರಬೇಕು, ಅದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ರಾತ್ರಿ ಒಬ್ಬರೇ ಓಡಾಡುವುದು ಜಾಸ್ತಿ ಇದ್ದರೆ ರನ್‌ಫ್ಲಾಟ್ ಹಾಕಿ, ತಪ್ಪೇನಿಲ್ಲ. ಆದರೆ ಎರಡು ಅದು ಎರಡು ಇದು ಬೇಡವೇ ಬೇಡ.

ಅಲೈನ್‌ಮೆಂಟ್_ಅಣ್ಣ

ದುರ್ಗದಲ್ಲಿ ನಮ್ಮದು ವೀಲ್ ಅಲೈನ್‌ಮೆಂಟ್ ಕೆಲಸ. ಲಾರಿ ಜಾಡಿನಲ್ಲಿ ಸ್ಟೀರಿಂಗ್ ಎಳೆಯುವುದರ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬಂದೆ.

ಅಗಲ ಟೈರ್, ಗಟ್ಟಿ ಸೈಡ್‌ವಾಲ್ ಇದ್ದರೆ ಲಾರಿ ಓಡಿ ತಗ್ಗಾದ ಜಾಡಿನ ಇಳಿಜಾರಿನ ಮೇಲೆ ಟೈರಿನ ಒಂದು ಅಂಚು ಹತ್ತಿ ಕೂರುತ್ತದೆ. ಮೆದು ಸೈಡ್‌ವಾಲ್ ಆದರೆ ಬಾಗಿ ಸುಮ್ಮನಾಗುತ್ತದೆ. ಗಟ್ಟಿಯದು ಬಾಗದೆ ಆ ಎಳೆತವನ್ನು ನೇರ ಸ್ಟೀರಿಂಗ್‌ಗೆ ಕೊಡುತ್ತದೆ. ಹಳೆಯ, ಒಣಗಿದ ರನ್‌ಫ್ಲಾಟ್‌ನಲ್ಲಿ ಇದು ಇನ್ನೂ ಜಾಸ್ತಿ. ಹೊಸ ಟೈರ್ ಹಾಕಿದ ಮೇಲೆ ಅರ್ಧ ತೊಂದರೆ ಅಲ್ಲೇ ಹೋಗಬಹುದು. ಹೋಗದಿದ್ದರೆ ಮುಂದಿನ ಸಸ್ಪೆನ್ಷನ್ ಆರ್ಮ್‌ಗಳ ಬುಷ್ (ಕೀಲಿನಲ್ಲಿರುವ ರಬ್ಬರ್) ನೋಡಿಸಿ. ಬುಷ್ ಲೂಸ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಮೆಷಿನ್ ಮೇಲೆ ಸರಿ ತೋರಿಸುತ್ತದೆ, ರಸ್ತೆಗೆ ಇಳಿದ ಕೂಡಲೇ ಮತ್ತೆ ತಪ್ಪುತ್ತದೆ.

ಮುಂದಿನದು ಮಾತ್ರ ಮಾಡಿ ಸಾಕು ಅಂದರೆ ಒಪ್ಪಬೇಡಿ. ಈ ಕಾರಿನಲ್ಲಿ ಹಿಂದಿನ ಟೋ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವುದು, ಬಹಳ ಮುಖ್ಯ. ಹಿಂದಿನ ಚಕ್ರ ಸ್ವಲ್ಪ ಹೊರಕ್ಕೆ ತಿರುಗಿದ್ದರೂ ತಿರುವಿನಲ್ಲಿ ಹಿಂಭಾಗ ಅಲ್ಲಾಡುತ್ತದೆ. ಆಗ ಜನ ಟೈರ್ ಸರಿಯಿಲ್ಲ ಅಂತ ಟೈರ್ ಬದಲಾಯಿಸುತ್ತಾರೆ. ಬೆಂಡ್ ಆದ ರಿಮ್ ಬಡಿದು ಸರಿ ಮಾಡಿಸಬೇಡಿ, ಅದರಲ್ಲೂ ಹಿಂದಿನದನ್ನು. ಬಿರುಕು ಒಳಗೆ ಉಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ.

ಟೈರ್ ತಗೊಳ್ಳುವಾಗ ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ಓದಿ. 1025 ಅಂತ ಇದ್ದರೆ 2025ರ ಹತ್ತನೇ ವಾರದ್ದು. ಈ ಅಳತೆ ನಮ್ಮ ಕಡೆ ದಿನಾ ಮಾರಾಟ ಆಗುವುದಿಲ್ಲ, ಗೋದಾಮಿನಲ್ಲಿ ಹಳೆಯದಾಗಿ ಕೂತಿದ್ದನ್ನು ಹೊಸದು ಅಂತ ಕೊಡುವ ಸಾಧ್ಯತೆ ಇದೆ. ಬೆಂಗಳೂರಿನಿಂದ ತರಿಸಿದರೂ ನಾಲ್ಕೂ ಟೈರಿನ ಫೋಟೋ ಕೇಳಿ ತರಿಸಿ. ಭಾರದ ಅಂಕಿ, ವೇಗದ ಅಕ್ಷರ ಈಗಿನದ್ದಕ್ಕಿಂತ ಕಮ್ಮಿ ಇರಬಾರದು. 88 ಅಂದರೆ ಒಂದು ಟೈರ್ 560 ಕೆಜಿ ಹೊರುತ್ತದೆ, ಡಬ್ಲ್ಯೂ ಅಂದರೆ ಗಂಟೆಗೆ 270 ಕಿ.ಮೀ.ವರೆಗೆ ಸರಿ. ಕಂಪನಿ ಹೇಳಿದ ಅಳತೆ ಬಿಟ್ಟು ಬೇರೆ ಹಾಕಿದರೆ ಇನ್ಶೂರೆನ್ಸ್‌ನವರು ಕ್ಲೇಮ್ ಹೊತ್ತಲ್ಲಿ ತಕರಾರು ತೆಗೆಯಬಹುದು, 18ರಲ್ಲೇ ಇದ್ದರೆ ಆ ತಲೆನೋವೂ ಇಲ್ಲ.

ಗಾಳಿ ಬೆಳಿಗ್ಗೆ ಕಾರು ತೆಗೆಯುವ ಮೊದಲೇ ನೋಡಿ, ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದಷ್ಟು. ಹತ್ತು ಡಿಗ್ರಿ ಬಿಸಿಲು ಏರಿದರೆ ಒಂದು, ಒಂದೂವರೆ ಪಿಎಸ್‌ಐ ತಾನಾಗೇ ಏರುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಸಿ ಟೈರಿನಲ್ಲಿ ನೋಡಿ ಗಾಳಿ ಇಳಿಸಿದರೆ ಮಾರನೇ ದಿನ ಬೆಳಿಗ್ಗೆ ಕಮ್ಮಿ ಇರುತ್ತದೆ, ಆಗ ಗುಂಡಿಗೆ ರಿಮ್ ಬಲಿ.

ಹೊಸ ಟೈರ್ ಹಾಕಿದ ಮೊದಲ 200 ಕಿ.ಮೀ. ತಿರುವಿನಲ್ಲಿ ಜೋರು ಬೇಡ, ಮೇಲ್ಪದರ ಇನ್ನೂ ನುಣುಪಾಗಿರುತ್ತದೆ. ಬೋಲ್ಟ್ ಏರ್ ಗನ್ನಿನಲ್ಲಿ ಬಿಗಿಸಿ ಬಿಡಬೇಡಿ, ಟಾರ್ಕ್ ಸ್ಪ್ಯಾನರ್‌ನಲ್ಲಿ ಕಾರಿನ ಪುಸ್ತಕದಲ್ಲಿರುವಷ್ಟು ಬಿಗಿಸಿ, 50–100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ. ಅಲೈನ್‌ಮೆಂಟ್ ಆದ ಮೇಲೆ ಮೊದಲಿನದ್ದು, ಆಮೇಲಿನದ್ದು ಎರಡೂ ಇರುವ ಪ್ರಿಂಟ್ ಕೇಳಿ ತಗೊಂಡು ಇಲ್ಲಿ ಹಾಕಿ. ಹಿಂದಿನ ಟೋ ಎಷ್ಟಿದೆ ನೋಡಿ ಹೇಳುತ್ತೇನೆ.